ಮಡಿಲಿಗೆ ಬರುವ ಮೊದಲೇ: ತಂದೆಯಾಗಲಿರುವವರು ಮಗುವಿಗೆ ಹತ್ತಿರವಾಗುವ ಬಗೆ

ಬಸಿರು ಖಚಿತವಾದ ದಿನ ಮನೆಯವರೆಲ್ಲ ಸಂಭ್ರಮಿಸುತ್ತಿರುವಾಗ, ತಂದೆಯಾಗಲಿರುವ ಗಂಡಸಿನ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಗಲಿಬಿಲಿ ಉಳಿದುಬಿಡುವುದುಂಟು. ಸಂತೋಷವೇನೋ ಆಗಿದೆ, ಆದರೆ ಮಗು ಆತನ ಪಾಲಿಗೆ ಇನ್ನೂ ಒಂದು ಸುದ್ದಿ ಮಾತ್ರ. ಪತ್ನಿಯ ಸ್ಥಿತಿ ಬೇರೆ. ವಾಕರಿಕೆ, ಸುಸ್ತು, ಎದೆಯ ಬಿಗಿತ, ಇದ್ದಕ್ಕಿದ್ದಂತೆ ಸಹಿಸಲಾಗದಂತಾಗುವ ವಾಸನೆಗಳು, ಹೀಗೆ ಆಕೆಯ ದೇಹವೇ ದಿನಕ್ಕೆ ಹತ್ತು ಸಲ ಮಗುವಿನ ಇರವನ್ನು ನೆನಪಿಸುತ್ತಿರುತ್ತದೆ. ಗಂಡನಿಗೆ ತಿಳಿಯುವುದೆಲ್ಲ ಮತ್ತೊಬ್ಬರ ಮೂಲಕವೇ: ಆಕೆ ಹೇಳಿದ್ದು, ವೈದ್ಯರು ವಿವರಿಸಿದ್ದು, ಸ್ಕ್ಯಾನಿಂಗ್ ಪರದೆಯ ಮೇಲೆ ಮಸುಕಾಗಿ ಕಂಡದ್ದು. ಹಾಗಾಗಿ ಆತನಲ್ಲಿ ಮಮತೆ ತಡವಾಗಿ ಚಿಗುರಿದರೆ ಅದನ್ನು ಪ್ರೀತಿಯ ಕೊರತೆಯೆಂದು ಎಣಿಸಬೇಕಾಗಿಲ್ಲ.

ಮುಂದೆ ಹೇಳಿರುವ ಹೆಜ್ಜೆಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿವೆ. ಬಾಂಧವ್ಯದ ಭಾವನೆ ತಾನಾಗಿ ಉಕ್ಕಲೆಂದು ಕಾಯುತ್ತ ಕುಳಿತರೆ ಒಂಬತ್ತು ತಿಂಗಳೂ ಕಳೆದುಹೋಗಬಹುದು. ಮಗುವಿಗಾಗಿ, ಮಗುವನ್ನು ಹೊತ್ತವಳಿಗಾಗಿ ಮಾಡಬೇಕಾದ ಚಿಕ್ಕಪುಟ್ಟ ಕೆಲಸಗಳನ್ನು ಇಂದಿನಿಂದಲೇ ಮಾಡತೊಡಗಿದರೆ, ಭಾವನೆ ಅವುಗಳ ಬೆನ್ನಿಗೇ ಬರುತ್ತದೆ.

ಮೊದಲ ಹೆಜ್ಜೆ: ಏನೂ ಅನಿಸದಿದ್ದರೆ ಅದನ್ನು ಬಚ್ಚಿಡಬೇಡಿ

ಅಮೆರಿಕದ ನರ್ಸಿಂಗ್ ಸಂಶೋಧಕಿ ಕ್ಯಾಥರಿನ್ ಮೇ ಅವರು ಮೊದಲ ಬಾರಿಗೆ ತಂದೆಯಾಗುತ್ತಿದ್ದ ಗಂಡಸರ ಅನುಭವಗಳನ್ನು ಅಧ್ಯಯನ ಮಾಡಿ, 1982ರಲ್ಲಿ ಮೂರು ಘಟ್ಟಗಳನ್ನು ಗುರುತಿಸಿದರು. ಸುದ್ದಿ ತಿಳಿದು ಅದನ್ನು ಅರಗಿಸಿಕೊಳ್ಳುವುದು ಮೊದಲ ಘಟ್ಟ. ಎರಡನೆಯದರಲ್ಲಿ ಅನೇಕರು ಆ ವಿಚಾರವನ್ನೇ ಮನಸ್ಸಿನ ಪಕ್ಕಕ್ಕೆ ಸರಿಸಿಟ್ಟು, ಎಂದಿನಂತೆ ಕೆಲಸಕಾರ್ಯಗಳಲ್ಲಿ ಮುಳುಗಿರುತ್ತಾರೆ. ಮೂರನೆಯದು ಕೊನೆಯ ಮೂರು ತಿಂಗಳ ಆಸುಪಾಸಿನಲ್ಲಿ ಬರುತ್ತದೆ. ಆಗ ಆತ ತನ್ನನ್ನು ತಂದೆಯೆಂದು ಭಾವಿಸಿಕೊಳ್ಳತೊಡಗುತ್ತಾನೆ, ರಸ್ತೆಯಲ್ಲಿ ಹೋಗುವ ಮಕ್ಕಳೂ ಆತನ ಕಣ್ಣಿಗೆ ಬೀಳತೊಡಗುತ್ತಾರೆ.

ತೊಂದರೆ ಹುಟ್ಟುವುದು ಎರಡನೆಯ ಘಟ್ಟದಲ್ಲಿ. ಆಕೆ ಪ್ರತಿದಿನವೂ ಮಗುವಿನ ಜೊತೆಗೇ ಇದ್ದಾಳೆ, ಈತನೋ ಏನೂ ಆಗದವನಂತೆ ಓಡಾಡುತ್ತಿದ್ದಾನೆ. ಆತನ ಮೌನ ಆಕೆಗೆ ಉದಾಸೀನದಂತೆ ಕಾಣುತ್ತದೆ, ಆಕೆಯ ಮುನಿಸು ಆತನಿಗೆ ಅರ್ಥವಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಇಲ್ಲದ ಉತ್ಸಾಹವನ್ನು ನಟಿಸುವುದಕ್ಕಿಂತ, “ನನಗೆ ಖುಷಿಯಾಗಿದೆ, ಆದರೆ ಇದು ನಿಜವೆಂದು ಮನಸ್ಸಿಗೆ ಇನ್ನೂ ಇಳಿದಿಲ್ಲ, ನಿನಗೆ ಏನೇನು ಆಗುತ್ತಿದೆ ಎಂದು ನನಗೆ ಹೇಳುತ್ತಿರು” ಎಂದು ಬಾಯಿಬಿಟ್ಟು ಹೇಳುವುದೇ ಲೇಸು. ಈ ಒಂದು ಮಾತು ಎಷ್ಟೋ ತಪ್ಪು ತಿಳಿವಳಿಕೆಗಳನ್ನು ಮೊಳಕೆಯಲ್ಲೇ ತಡೆಯುತ್ತದೆ.

ಎರಡನೆಯ ಹೆಜ್ಜೆ: ಮಗುವಿನ ಬಳಿಗೆ ಹೋಗುವ ದಾರಿ ಪತ್ನಿಯ ಮೂಲಕ ಹಾದುಹೋಗುತ್ತದೆ

ಮೊದಲ ಕೆಲವು ತಿಂಗಳು ಮಗುವನ್ನು ಮುಟ್ಟುವಂತಿಲ್ಲ, ಅದರ ಅಲುಗಾಟ ತಿಳಿಯುವಂತಿಲ್ಲ. ಆಗ ನೀವು ಮಗುವಿಗಾಗಿ ಮಾಡಬಹುದಾದದ್ದೆಲ್ಲವೂ ಪತ್ನಿಗಾಗಿ ಮಾಡುವ ಕೆಲಸಗಳೇ. ಆಕೆಯ ಆಯಾಸ ಸೋಮಾರಿತನದಿಂದ ಬಂದದ್ದಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಗರ್ಭಾವಸ್ಥೆಯಲ್ಲಿ ದೇಹದ ರಕ್ತದ ಪ್ರಮಾಣ ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಸಾಮಾನ್ಯವಾಗಿ ಆರನೆಯ ವಾರದ ಆಸುಪಾಸಿನಲ್ಲಿ ತೊಡಗುವ ವಾಕರಿಕೆ ಹೆಚ್ಚಿನವರಲ್ಲಿ 16ರಿಂದ 20 ವಾರಗಳ ಹೊತ್ತಿಗೆ ಇಳಿಮುಖವಾಗುತ್ತದೆ. ಕೆಲವರಿಗೆ ಇನ್ನೂ ಮುಂದುವರಿಯುವುದೂ ಉಂಟು. ನೀರೂ ನಿಲ್ಲದಂತೆ ವಾಂತಿಯಾಗುತ್ತಿದ್ದರೆ ಅದನ್ನು ಸಹಿಸಿಕೊಳ್ಳಬೇಕಾದ ಸಂಗತಿಯೆಂದು ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

“ಏನಾದರೂ ಬೇಕಿದ್ದರೆ ಹೇಳು” ಎನ್ನುವುದು ಒಳ್ಳೆಯ ಮಾತಾದರೂ, ಏನು ಬೇಕೆಂದು ಯೋಚಿಸಿ ಹೇಳುವ ಹೊರೆಯನ್ನು ಅದು ಆಕೆಯ ಮೇಲೆಯೇ ಹಾಕುತ್ತದೆ. ಅದರ ಬದಲು ಕೆಲವು ಕೆಲಸಗಳನ್ನು ಪೂರ್ತಿಯಾಗಿ ನಿಮ್ಮದಾಗಿಸಿಕೊಳ್ಳಿ. ಯಾವ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದು ಗಮನಿಸಿ ಆ ವಸ್ತುವನ್ನು ಆಕೆಯಿಂದ ದೂರವಿಡುವುದು, ಔಷಧಿ ಮುಗಿಯುವ ಮೊದಲೇ ತಂದಿಡುವುದು, ಬೆಳಗಿನ ಕೆಲಸಗಳಲ್ಲಿ ಒಂದನ್ನು ಯಾರೂ ನೆನಪಿಸದೆಯೇ ಮುಗಿಸುವುದು, ಆಕೆ ಮಲಗಿದ್ದಾಗ ಬಂದವರನ್ನು ಮಾತನಾಡಿಸಿ ಕಳುಹಿಸುವುದು, ಇವು ಹೊರಗಿನವರಿಗೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕ ಕೆಲಸಗಳು. ನೀವು ಧೂಮಪಾನ ಮಾಡುವವರಾಗಿದ್ದರೆ ಅದನ್ನು ಬಿಡುವುದು ಮಾತ್ರ ಚಿಕ್ಕ ಕೆಲಸವಲ್ಲ. ಪಕ್ಕದವರು ಬಿಟ್ಟ ಹೊಗೆಯೂ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಹುಟ್ಟುವ ಮೊದಲೇ ತಂದೆ ಮಗುವಿಗೆ ಕೊಡಬಹುದಾದ ನಿಜವಾದ ಉಡುಗೊರೆಗಳಲ್ಲಿ ಇದು ದೊಡ್ಡದು.

ದಾಂಪತ್ಯದ ಸಾಮೀಪ್ಯದ ಬಗ್ಗೆಯೂ ಅನೇಕರಲ್ಲಿ ಹೇಳಿಕೊಳ್ಳಲಾಗದ ಹೆದರಿಕೆ ಇರುತ್ತದೆ. ತೊಡಕುಗಳಿಲ್ಲದ ಬಸಿರಿನಲ್ಲಿ, ವೈದ್ಯರು ಬೇಡವೆಂದು ಹೇಳಿರದಿದ್ದರೆ, ದೈಹಿಕ ಸಂಬಂಧದಿಂದ ಮಗುವಿಗೆ ಪೆಟ್ಟಾಗುವುದಿಲ್ಲ. ಆಕೆಗೆ ಮನಸ್ಸಿಲ್ಲದ ದಿನಗಳಲ್ಲಿ ಕೈ ಹಿಡಿದು ಪಕ್ಕದಲ್ಲಿ ಕುಳಿತಿರುವುದೂ ಸಾಮೀಪ್ಯವೇ.

ಮೂರನೆಯ ಹೆಜ್ಜೆ: ವಾರಕ್ಕೊಮ್ಮೆ ಮಗುವಿನ ಬೆಳವಣಿಗೆಯನ್ನು ತಿಳಿದುಕೊಳ್ಳಿ

ವಾರದಲ್ಲಿ ಒಂದು ದಿನ ಕಾಲು ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟು, ಆ ವಾರ ಮಗುವಿನಲ್ಲಿ ಏನಾಗುತ್ತಿದೆ ಎಂಬುದನ್ನು ಇಬ್ಬರೂ ಒಟ್ಟಿಗೆ ಓದಿ. ಲೆಕ್ಕ ಹಾಕುವ ಕ್ರಮ ಮೊದಲು ತಿಳಿದಿರಲಿ: ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರಗಳು, ಅಂದರೆ 280 ದಿನಗಳು. ಆರನೆಯ ವಾರದ ಸುಮಾರಿಗೆ ಹೃದಯದ ಮಿಡಿತ ಸ್ಕ್ಯಾನಿಂಗ್‌ನಲ್ಲಿ ಕಾಣತೊಡಗುತ್ತದೆ. ಹನ್ನೆರಡನೆಯ ವಾರದಲ್ಲಿ ನೆತ್ತಿಯಿಂದ ಪೃಷ್ಠದವರೆಗೆ ಮಗುವಿನ ಉದ್ದ ಐದಾರು ಸೆಂಟಿಮೀಟರ್ ಇರುತ್ತದೆ, ಕೈಕಾಲುಗಳಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಮೂಡಿರುತ್ತವೆ. ಇಪ್ಪತ್ತನೆಯ ವಾರಕ್ಕೆ ತಲೆಯಿಂದ ಹಿಮ್ಮಡಿಯವರೆಗೆ ಸುಮಾರು 25 ಸೆಂಟಿಮೀಟರ್. ನಿಮ್ಮ ಅಂಗೈಯನ್ನು ಚಾಚಿ ಅಳೆದು ನೋಡಿದರೆ, ಅಂಕಿಯಾಗಿದ್ದದ್ದು ಥಟ್ಟನೆ ಒಂದು ಆಕಾರವಾಗಿ ಎದುರು ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ತಪಾಸಣೆಗೆ ಜೊತೆಯಲ್ಲಿ ಹೋಗಿ, ಒಳಗೂ ಹೋಗಿ

ಪತ್ನಿಯನ್ನು ಆಸ್ಪತ್ರೆಯ ಬಾಗಿಲಿಗೆ ಬಿಟ್ಟು ಹೊರಗೆ ಮೊಬೈಲ್ ನೋಡುತ್ತ ಕೂರುವ ಗಂಡಂದಿರು ಎಷ್ಟೋ ಮಂದಿ. ಅವರಲ್ಲಿ ಹಲವರಿಗೆ ಒಳಗೆ ಬರಲು ಆಸೆಯಿರುತ್ತದೆ, ಆದರೆ ಅಲ್ಲಿ ತಮಗೇನು ಕೆಲಸ ಎಂಬ ಸಂಕೋಚ ಕಾಡುತ್ತದೆ. ಅವಕಾಶವಿದೆಯೇ ಎಂದು ಕೇಳಿ. ಇದ್ದರೆ ಒಳಗೆ ಹೋಗಿ ಪರದೆ ಕಾಣುವಂತೆ ನಿಲ್ಲಿ. ಎಲ್ಲ ಭೇಟಿಗಳಿಗೂ ಹೋಗಲಾಗದಿದ್ದರೆ 11ರಿಂದ 14 ವಾರಗಳ ನಡುವಿನ ಸ್ಕ್ಯಾನಿಂಗ್ ಮತ್ತು ಮಗುವಿನ ಅಂಗಾಂಗಗಳನ್ನು ಒಂದೊಂದಾಗಿ ಪರೀಕ್ಷಿಸುವ 18ರಿಂದ 22 ವಾರಗಳ ನಡುವಿನ ಸ್ಕ್ಯಾನಿಂಗ್, ಇವೆರಡನ್ನಾದರೂ ತಪ್ಪಿಸಿಕೊಳ್ಳಬೇಡಿ.

ಹೊರಡುವ ಹಿಂದಿನ ರಾತ್ರಿ ಇಬ್ಬರೂ ಸೇರಿ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಅಲ್ಲಿ ವೈದ್ಯರು ಹೇಳಿದ್ದನ್ನು ಬರೆದುಕೊಳ್ಳುವ ಹೊಣೆಯನ್ನು ನೀವು ಹೊತ್ತುಕೊಳ್ಳಿ. ಪರೀಕ್ಷೆಯ ಮೇಜಿನ ಮೇಲೆ ಮಲಗಿದವಳಿಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಕಷ್ಟ. ಮಗುವಿನ ಹೃದಯ ಮಿಡಿಯುವ ಸದ್ದನ್ನು ಮೊದಲ ಸಲ ಕೇಳುವ ಅನೇಕ ತಂದೆಯರು ಅದರ ವೇಗಕ್ಕೆ ಬೆಚ್ಚುತ್ತಾರೆ. ನಿಮಿಷಕ್ಕೆ 110ರಿಂದ 160 ಬಡಿತ ಸಹಜವೆಂದು ಮೊದಲೇ ತಿಳಿದಿದ್ದರೆ ಆ ಕ್ಷಣವನ್ನು ನೆಮ್ಮದಿಯಿಂದ ಕೇಳಬಹುದು. ಆ ಸದ್ದನ್ನು ಮನೆಯಲ್ಲೂ ಕೇಳುವ ಆಸೆಯಿಂದ ಡಾಪ್ಲರ್ ಯಂತ್ರವನ್ನು ಕೊಂಡು ತರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ತರಬೇತಿಯಿಲ್ಲದ ಕೈಗೆ ತಾಯಿಯ ನಾಡಿಯೇ ಮಗುವಿನದೆಂದು ಕೇಳಿಸಬಹುದು, ಅದರಿಂದ ಹುಟ್ಟುವ ಸುಳ್ಳು ಧೈರ್ಯದಲ್ಲಿ ಆಸ್ಪತ್ರೆಗೆ ಹೋಗಬೇಕಾದ ಹೊತ್ತು ಮೀರಿಹೋಗಬಹುದು.

ಐದನೆಯ ಹೆಜ್ಜೆ: ಅಲುಗಾಟಕ್ಕಾಗಿ ತಾಳ್ಮೆಯಿಂದ ಕಾಯಿರಿ

ತಂದೆಗೆ ಮಗುವಿನಿಂದ ನೇರವಾಗಿ ಬರುವ ಮೊದಲ ಸುದ್ದಿ ಇದೇ, ನಡುವೆ ಯಾರ ಮಾತೂ ಬೇಕಿಲ್ಲ. ಆದ್ದರಿಂದ ಇದಕ್ಕೆ ಸಿದ್ಧರಾಗುವುದು ಒಳ್ಳೆಯದು. ಮೊದಲ ಬಸಿರಿನಲ್ಲಿ ತಾಯಿಗೆ ಸಾಮಾನ್ಯವಾಗಿ 18ರಿಂದ 20 ವಾರಗಳ ಸುಮಾರಿಗೆ ಮಗು ಮಿಸುಕಾಡುವುದು ತಿಳಿಯತೊಡಗುತ್ತದೆ. ಮುಂದಿನ ಬಸಿರುಗಳಲ್ಲಿ 16ನೆಯ ವಾರಕ್ಕೇ ತಿಳಿಯಬಹುದು. ಹೊರಗಿನಿಂದ ಇಟ್ಟ ಕೈಗೆ ಅದು ತಲುಪಲು ಇನ್ನೂ ಕೆಲವು ವಾರಗಳು ಬೇಕು. ಮಾಸು (ಪ್ಲಾಸೆಂಟಾ) ಗರ್ಭಕೋಶದ ಮುಂಭಾಗದಲ್ಲಿ ಅಂಟಿಕೊಂಡಿದ್ದರೆ ಅದು ನಡುವೆ ಮೆತ್ತೆಯಂತೆ ಇರುವುದರಿಂದ ಮತ್ತಷ್ಟು ತಡವಾಗುತ್ತದೆ. ಗೆಳೆಯನಿಗೆ ಐದನೆಯ ತಿಂಗಳಲ್ಲೇ ತಿಳಿಯಿತಂತೆ, ನನಗೇಕೆ ಇಲ್ಲ ಎಂದು ಕೊರಗುವವರು ಸ್ಕ್ಯಾನಿಂಗ್ ವರದಿಯಲ್ಲಿ ಮಾಸು ಎಲ್ಲಿದೆಯೆಂದು ಬರೆದಿರುವುದನ್ನು ಒಮ್ಮೆ ನೋಡಲಿ.

ಪತ್ನಿ ವಿಶ್ರಾಂತಿಯಲ್ಲಿರುವ ಸಂಜೆ ಅಥವಾ ರಾತ್ರಿಯ ಹೊತ್ತು ಇದಕ್ಕೆ ತಕ್ಕದ್ದು, ಏಕೆಂದರೆ ಓಡಾಟ ನಿಂತಾಗ ಅಲುಗಾಟ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಮೊದಲು ಆಕೆಯನ್ನು ಕೇಳಿ. ಹೊಟ್ಟೆ ಆಕೆಯ ದೇಹದ ಭಾಗ, ಕೆಲವು ಹೊತ್ತಿನಲ್ಲಿ ಯಾರ ಕೈಯೂ ತಾಗದಿರಲಿ ಎಂದು ಆಕೆಗೆ ಅನಿಸಬಹುದು. ಒಪ್ಪಿದರೆ ಕೈ ಬೆಚ್ಚಗೆ ಮಾಡಿಕೊಂಡು, ಆಕೆ ತೋರಿಸಿದ ಜಾಗದಲ್ಲಿ ಅಂಗೈಯನ್ನು ಪೂರ್ತಿಯಾಗಿ ಒತ್ತಡವಿಲ್ಲದೆ ಇಟ್ಟು ಸುಮ್ಮನಿರಿ. ಐದು ನಿಮಿಷ, ಹತ್ತು ನಿಮಿಷ. ಕೈಯಿಟ್ಟ ಕೂಡಲೇ ಮಗು ಸುಮ್ಮನಾಗುವುದು, ತೆಗೆದ ಕೂಡಲೇ ಒದೆಯುವುದು ಎಷ್ಟೋ ಸಲ ಆಗುತ್ತದೆ. ನಾಲ್ಕು ಸಂಜೆ ಏನೂ ಸಿಗದೆ ಐದನೆಯ ಸಂಜೆ ಅಂಗೈಯ ನಡುವೆ ಒಳಗಿನಿಂದ ಯಾರೋ ಬೆರಳಿನಿಂದ ಮೆಲ್ಲಗೆ ತಟ್ಟಿದಂತಾಗುತ್ತದೆ. ಅದುವರೆಗೆ ಸುದ್ದಿಯಾಗಿದ್ದದ್ದು ಆಗ ಒಬ್ಬ ವ್ಯಕ್ತಿಯಾಗುತ್ತದೆ. ಹೇಳಿಕೊಳ್ಳಲು ಪದಗಳು ಸಿಗದಿದ್ದರೂ ಚಿಂತೆಯಿಲ್ಲ, ಆಕೆ ನಿಮ್ಮ ಮುಖವನ್ನು ನೋಡುತ್ತಿರುತ್ತಾಳೆ.

ಈ ರೂಢಿಯಿಂದ ಮತ್ತೊಂದು ಪ್ರಯೋಜನವಿದೆ, ಅದು ಜೀವ ಉಳಿಸುವಂಥದ್ದು. 28ನೆಯ ವಾರದ ಹೊತ್ತಿಗೆ ಪ್ರತಿ ಮಗುವಿನ ಅಲುಗಾಟಕ್ಕೂ ತನ್ನದೇ ಆದ ಒಂದು ಲಯ ಗೊತ್ತುಪಟ್ಟಿರುತ್ತದೆ. ದಿನಾ ಸಂಜೆ ಪಕ್ಕದಲ್ಲಿ ಕೂರುವ ನಿಮಗೂ ಅದು ಪರಿಚಯವಾಗಿರುತ್ತದೆ. ಅಲುಗಾಟ ಎಂದಿಗಿಂತ ಕಡಿಮೆಯಾಯಿತು, ನಿಂತಿತು ಅಥವಾ ಅದರ ರೀತಿ ಬದಲಾಯಿತು ಎಂದು ಆಕೆಗೆ ಅನಿಸಿದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಿ. ದಿನ ತುಂಬುತ್ತ ಬಂದಂತೆ ಜಾಗ ಸಾಲದೆ ಮಗು ಅಲುಗಾಡುವುದನ್ನು ಕಡಿಮೆ ಮಾಡುತ್ತದೆ ಎಂಬ ಮಾತು ನಿಜವಲ್ಲ. ಹಾಗೆಯೇ ರಕ್ತಸ್ರಾವ, ಗರ್ಭಚೀಲ ಒಡೆದು ನೀರು ಸೋರುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಅಥವಾ ಕೈಗಳು ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಜ್ವರ, ಇವುಗಳಲ್ಲಿ ಯಾವುದು ಕಂಡರೂ “ನಾಳೆ ನೋಡೋಣ” ಎನ್ನಬಾರದು.

ಆರನೆಯ ಹೆಜ್ಜೆ: ಮಾತನಾಡಿ, ಹಾಡಿ, ಓದಿ ಹೇಳಿ

ಸುಮಾರು 24–25 ವಾರಗಳಿಂದ ಗರ್ಭದಲ್ಲಿರುವ ಮಗು ಹೊರಗಿನ ಸದ್ದಿಗೆ ಪ್ರತಿಕ್ರಿಯಿಸತೊಡಗುತ್ತದೆ. ತಗ್ಗಿನ ಸ್ವರಗಳು ಹೊಟ್ಟೆಯ ಪದರಗಳನ್ನು ದಾಟಿ ಚೆನ್ನಾಗಿ ಒಳಹೋಗುತ್ತವೆ, ಎತ್ತರದ ಸ್ವರಗಳು ಮಂದವಾಗುತ್ತವೆ. ತಂದೆಯ ದನಿಯನ್ನು ಮಗು ಹುಟ್ಟಿದ ಕೂಡಲೇ ಗುರುತಿಸಿ ತಿರುಗಿ ನೋಡುತ್ತದೆ ಎಂದು ಹಲವರು ಭರವಸೆ ಕೊಡುತ್ತಾರೆ. ಈ ವಿಚಾರದಲ್ಲಿ ಪ್ರಾಮಾಣಿಕವಾಗಿರುವುದು ಅಗತ್ಯ. ನವಜಾತ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂಬುದನ್ನು ಸಂಶೋಧಕರಾದ ಆಂಟನಿ ಡಿಕಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ತೋರಿಸಿಕೊಟ್ಟರು. ಆದರೆ ತಂದೆಯ ದನಿಯ ಬಗ್ಗೆ ಡಿಕಾಸ್ಪರ್ ಅವರೇ ಪ್ರೆಸ್ಕಾಟ್ ಅವರೊಂದಿಗೆ ಸೇರಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ದಿನದ ಶಿಶುಗಳು ಒಬ್ಬ ಗಂಡಸಿನ ದನಿಯನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ಗುರುತಿಸಿದರೂ, ತಂದೆಯ ದನಿಗೇ ವಿಶೇಷ ಒಲವು ತೋರಿಸಲಿಲ್ಲ. ತಾಯಿಯ ದನಿ ಹಗಲೂ ರಾತ್ರಿಯೂ ಆಕೆಯ ಮೈಯೊಳಗಿನಿಂದಲೇ ಮಗುವನ್ನು ತಲುಪುತ್ತಿರುತ್ತದೆ, ತಂದೆಯದು ಆಗೊಮ್ಮೆ ಈಗೊಮ್ಮೆ ಹೊರಗಿನಿಂದ ಬರುವಂಥದ್ದು.

ಹಾಗಿದ್ದರೆ ಮಾತನಾಡುವುದೇಕೆ? ಅದರಿಂದ ಮೊದಲು ಬದಲಾಗುವವರು ನೀವೇ ಆಗಿರುವುದರಿಂದ. ಮಗುವಿನೊಂದಿಗೆ ಮಾತನಾಡುವುದು ರೂಢಿಯಿಂದ ಬರುವ ಕೌಶಲ, ಮೊದಲ ದಿನ ನಾಲಿಗೆ ತಡವರಿಸುತ್ತದೆ. ಗೋಡೆಯ ಜೊತೆ ಮಾತನಾಡಿದಂತೆ ಅನಿಸುವುದೂ ಸಹಜ. ದೊಡ್ಡ ಮಾತುಗಳನ್ನು ಹುಡುಕಬೇಕಾಗಿಲ್ಲ; ಈ ದಿನ ಏನು ಮಾಡಿದಿರಿ, ಹೊರಗೆ ಮಳೆ ಬರುತ್ತಿದೆಯೇ, ಅಮ್ಮ ಏಕೆ ನಗುತ್ತಿದ್ದಾಳೆ ಎಂಬಷ್ಟು ಸಾಕು. ಮಗುವಿಗೆ ಇಬ್ಬರೂ ಸೇರಿ ಒಂದು ಮುದ್ದಿನ ಹೆಸರಿಟ್ಟುಕೊಂಡರೆ ಸಂಕೋಚ ಬೇಗ ಕರಗುತ್ತದೆ, ಹೆಸರಿದ್ದವರೊಡನೆ ಮಾತನಾಡುವುದು ಸುಲಭ. ಮಾತು ಬಾರದವರು ಯಾವುದಾದರೂ ಕಥೆಯನ್ನು ಗಟ್ಟಿಯಾಗಿ ಓದಲಿ, ಗೊತ್ತಿರುವ ಲಾಲಿಯನ್ನು ಗುನುಗಲಿ. ಹೊಟ್ಟೆಯ ಮೇಲೆ ಹೆಡ್‌ಫೋನ್ ಅಥವಾ ಸ್ಪೀಕರ್ ಇಟ್ಟು ಸಂಗೀತ ಕೇಳಿಸುವುದು ಮಾತ್ರ ಬೇಡ, ನಿಮ್ಮ ಸಹಜ ದನಿಯೇ ಸಾಕು. ಕೆಲಸದ ಕಾರಣದಿಂದ ದೂರದ ಊರಿನಲ್ಲಿರುವವರು ಪ್ರತಿ ರಾತ್ರಿ ಒಂದು ನಿಶ್ಚಿತ ಹೊತ್ತಿಗೆ ಕರೆ ಮಾಡಿ, ಆಕೆಯೊಂದಿಗೆ ಮಾತು ಮುಗಿದ ಮೇಲೆ ಮಗುವಿಗಾಗಿಯೇ ಎರಡು ನಿಮಿಷ ಮಾತನಾಡಬಹುದು.

ಏಳನೆಯ ಹೆಜ್ಜೆ: ನಿಮ್ಮ ಬಾಲ್ಯದ ಕಡೆಗೊಮ್ಮೆ ತಿರುಗಿ ನೋಡಿ

ಮಗುವಿನ ಕೋಣೆಗೆ ಬಣ್ಣ ಬಳಿಯುವುದು, ತೊಟ್ಟಿಲು, ಬಟ್ಟೆ ಹೊಂದಿಸುವುದು ಸಂತೋಷದ ಕೆಲಸಗಳೇ; ಅವುಗಳ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕಿಂತ ಕಷ್ಟದ ತಯಾರಿ ಮನಸ್ಸಿನೊಳಗಿನದು. ನಿಮ್ಮ ತಂದೆ ನಿಮ್ಮೊಂದಿಗೆ ಹೇಗಿದ್ದರು? ಅವರ ಯಾವ ನಡೆಯನ್ನು ನಿಮ್ಮ ಮಗುವಿಗೂ ದಾಟಿಸಲು ಬಯಸುತ್ತೀರಿ, ಯಾವುದನ್ನು ನಿಮ್ಮಲ್ಲಿಗೇ ನಿಲ್ಲಿಸಬೇಕೆಂದಿದ್ದೀರಿ? ಈ ಎರಡು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆದು ಪತ್ನಿಗೆ ಓದಿ ಹೇಳಿ, ಆಕೆಯ ಉತ್ತರಗಳನ್ನೂ ಕೇಳಿ. ತಂದೆ ಬದುಕಿದ್ದು ಮಾತುಕತೆ ಇದ್ದರೆ ಅವರನ್ನೇ ಕೇಳಬಹುದು: “ನಾನು ಹುಟ್ಟುವ ಮೊದಲು ನಿಮಗೇನನಿಸುತ್ತಿತ್ತು?” ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರುವುದೇ ಇಲ್ಲ.

ಎಂಟನೆಯ ಹೆಜ್ಜೆ: ನಿಮ್ಮ ದೇಹ ಮತ್ತು ಮನಸ್ಸಿನಲ್ಲಾಗುವುದನ್ನು ಗಮನಿಸಿ

ಪತ್ನಿ ಬಸಿರಾಗಿದ್ದಾಗ ಗಂಡನಿಗೂ ವಾಕರಿಕೆ, ತೂಕ ಹೆಚ್ಚುವುದು, ನಿದ್ರೆಗೆಡುವುದು ಉಂಟಾಗಬಹುದು. ಇದಕ್ಕೆ ಕೂವಾಡ್ ಎಂಬ ಹೆಸರಿದೆ. ತಂದೆಯಾದವನು ಬಾಣಂತಿಯಂತೆ ಮಲಗುವ ಆಚರಣೆಗೆ ಆ ಫ್ರೆಂಚ್ ಪದವನ್ನು ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1865ರಲ್ಲಿ ಬಳಸಿದರು, ಮುಂದೆ ಅದು ಈ ಲಕ್ಷಣಗಳಿಗೂ ಅಂಟಿಕೊಂಡಿತು. ಇದೆಲ್ಲ ಬರೀ ಕಲ್ಪನೆಯೆಂದು ನಗುವವರಿಗೆ, ಕೆನಡಾದಲ್ಲಿ ಆನ್ ಸ್ಟೋರಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸಬಹುದು: ಹೆರಿಗೆಯ ದಿನಗಳು ಹತ್ತಿರವಾದಾಗ ಗಂಡಸರ ರಕ್ತದಲ್ಲಿ, ತಾಯಿಯಲ್ಲಿ ಹಾಲು ಉತ್ಪತ್ತಿಗೆ ನೆರವಾಗುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಿತ್ತು, ಹೆರಿಗೆಯ ನಂತರ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಕಡಿಮೆಯಾಗಿತ್ತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಂಶೋಧಕರಾದ ಜೇಮ್ಸ್ ಪಾಲ್ಸನ್ ಮತ್ತು ಶರ್ನೈಲ್ ಬೇಝ್‌ಮೋರ್ 2010ರಲ್ಲಿ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಸಿರಿನ ಆರಂಭದಿಂದ ಮಗುವಿಗೆ ಒಂದು ವರ್ಷ ತುಂಬುವವರೆಗಿನ ಅವಧಿಯಲ್ಲಿ ತಂದೆಯರಲ್ಲಿ ಶೇಕಡ 10ರಷ್ಟು ಮಂದಿ ಖಿನ್ನತೆಗೆ ಒಳಗಾಗಿದ್ದರು. ಗಂಡಸರಲ್ಲಿ ಅದು ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಕಾರಣವಿಲ್ಲದ ಸಿಡುಕು, ಮನೆಗೆ ಬಾರದೆ ಕೆಲಸದಲ್ಲೇ ಹುದುಗಿರುವುದು, ಕುಡಿತ ಹೆಚ್ಚುವುದು, ಯಾವುದರಲ್ಲೂ ರುಚಿ ಇಲ್ಲದಿರುವುದು, ಇವೂ ಅದರ ಮುಖಗಳಿರಬಹುದು. ಎರಡು ವಾರ ಕಳೆದರೂ ಇದು ತಿಳಿಯಾಗದಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ. ಬದುಕು ಬೇಡವೆನ್ನುವ ಯೋಚನೆ ಸುಳಿದರೆ ಅದೇ ದಿನ, ಅದೇ ಗಳಿಗೆಯಲ್ಲಿ ಯಾರೊಂದಿಗಾದರೂ ಹೇಳಿಕೊಂಡು ನೆರವು ಪಡೆಯಿರಿ. ಹೆರುವವಳು ಆಕೆ, ನನಗೇನು ಕಷ್ಟ ಎಂದು ನೋವನ್ನು ನುಂಗಿಕೊಳ್ಳುವುದರಿಂದ ಆಕೆಗೂ ಮಗುವಿಗೂ ಯಾವ ಉಪಕಾರವೂ ಆಗುವುದಿಲ್ಲ.

ಈ ಹಿಂದೆ ಗರ್ಭಪಾತವಾಗಿದ್ದವರು ಅಥವಾ ಮಗುವನ್ನು ಕಳೆದುಕೊಂಡವರು ಈ ಸಲ ಬೇಕೆಂದೇ ಮನಸ್ಸನ್ನು ದೂರವಿಟ್ಟುಕೊಳ್ಳುತ್ತಾರೆ. ಪ್ರೀತಿಸಿದರೆ ಮತ್ತೆ ಕಳೆದುಕೊಳ್ಳಬೇಕಾದೀತು ಎಂಬ ಭಯ ಅದು. ಅಂಥವರಿಗೆ ಮೇಲಿನ ಹೆಜ್ಜೆಗಳೆಲ್ಲವೂ ಹೊರೆಯೆನಿಸಬಹುದು. ತೊಟ್ಟಿಲನ್ನು ಕೊನೆಯ ವಾರದಲ್ಲಿ ತಂದರೂ ಆದೀತು, ಹೆಸರಿಡದಿದ್ದರೂ ಆದೀತು; ಮುಂದಿನ ತಪಾಸಣೆಯವರೆಗೆ ಮಾತ್ರ ಯೋಚಿಸುತ್ತ, ಹೋದ ಮಗುವನ್ನು ನೆನೆಯಲು ಇಬ್ಬರೂ ಒಬ್ಬರಿಗೊಬ್ಬರು ಅವಕಾಶ ಕೊಡುತ್ತ ಸಾಗಿದರೆ ಸಾಕು.

ಒಂಬತ್ತನೆಯ ಹೆಜ್ಜೆ: ಹೆರಿಗೆಯ ದಿನಕ್ಕೆ ಅಣಿಯಾಗಿ

ಹೆರಿಗೆಯ ಬಗ್ಗೆ ತಿಳಿವಳಿಕೆ ಕೊಡುವ ತರಗತಿಗಳಿದ್ದರೆ ಜೊತೆಯಾಗಿ ಹೋಗಿ. ಆಸ್ಪತ್ರೆಯ ದಾರಿ, ರಾತ್ರಿಯ ವಾಹನ, ರಾತ್ರಿ ತೆರೆದಿರುವ ಆಸ್ಪತ್ರೆಯ ಬಾಗಿಲು, ಕರೆ ಮಾಡಬೇಕಾದ ಸಂಖ್ಯೆ, ಎಲ್ಲವೂ 36ನೆಯ ವಾರದೊಳಗೆ ನಿಮ್ಮ ಬಾಯಲ್ಲಿರಲಿ. ನೋವುಗಳ ನಡುವಿನ ಅಂತರವನ್ನು ಒಂದು ನೋವು ಆರಂಭವಾದಾಗಿನಿಂದ ಮುಂದಿನದು ಆರಂಭವಾಗುವವರೆಗೆ ಎಣಿಸಬೇಕು. ಎಷ್ಟು ಅಂತರಕ್ಕೆ ಹೊರಡಬೇಕೆಂಬುದನ್ನು ನಿಮ್ಮ ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಿ. ನೋವಿನ ನಡುವೆ ಆಕೆಗೆ ಯಾರು ಹತ್ತಿರವಿರಬೇಕು, ಸೊಂಟ ತಿಕ್ಕಿದರೆ ಹಿತವೋ ಕಿರಿಕಿರಿಯೋ, ನೋವು ಕಡಿಮೆ ಮಾಡುವ ಔಷಧಿ ಬೇಕೇ ಬೇಡವೇ, ಇವನ್ನು ಆಕೆಯಿಂದಲೇ ತಿಳಿದು ಬರೆದಿಟ್ಟುಕೊಂಡರೆ, ಆಕೆಗೆ ಮಾತನಾಡಲಾಗದ ಹೊತ್ತಿನಲ್ಲಿ ಆಕೆಯ ಪರವಾಗಿ ನೀವು ಮಾತನಾಡಬಲ್ಲಿರಿ. ಆ ಹೊತ್ತಿನಲ್ಲಿ ಆಕೆ ಮನಸ್ಸು ಬದಲಿಸಿದರೆ ಬರೆದಿಟ್ಟದ್ದನ್ನು ಪಕ್ಕಕ್ಕಿಡಿ.

ಹುಟ್ಟಿದ ಮಗುವನ್ನು ಬರಿಯ ಎದೆಗೆ ಒತ್ತಿ ಹಿಡಿದುಕೊಂಡರೆ ಅದರ ಮೈ ಬೆಚ್ಚಗಿರುತ್ತದೆ, ಉಸಿರಾಟ ಮತ್ತು ಹೃದಯದ ಬಡಿತ ಸ್ಥಿರವಾಗಿರಲು ನೆರವಾಗುತ್ತದೆ. ತಾಯಿಗೆ ಅದು ತಕ್ಷಣ ಸಾಧ್ಯವಾಗದಿದ್ದರೆ, ಉದಾಹರಣೆಗೆ ಶಸ್ತ್ರಚಿಕಿತ್ಸೆಯ ನಂತರ, ತಂದೆಯೂ ಹಾಗೆ ಹಿಡಿದುಕೊಳ್ಳಬಹುದು. ಇದಕ್ಕೆ ಅವಕಾಶ ಬೇಕೆಂದು ಆಸ್ಪತ್ರೆಯವರಲ್ಲಿ ಮೊದಲೇ ಹೇಳಿರಿ. ಹೆರಿಗೆಗೆಂದು ಕಟ್ಟಿಟ್ಟ ಚೀಲದಲ್ಲಿ, ಆಕೆಯ ಮತ್ತು ಮಗುವಿನ ಬಟ್ಟೆಗಳ ಜೊತೆಗೆ, ಮುಂದೆ ಗುಂಡಿಗಳಿರುವ ನಿಮ್ಮದೊಂದು ಮೆತ್ತನೆಯ ಅಂಗಿಯನ್ನೂ ಒಗೆದು ಮಡಿಸಿಡಿ.